ವೇತನ ಮತ್ತು ಕಾಲ: ಎಸ್.ಟಿ. ನೌಕರರ ವೇತನ ಒಪ್ಪಂದಗಳ ಒಂದು ವಿಮರ್ಶೆ

೧

ನಾಸಿಕವೆಂದೊಡನೆ ಕನ್ನಡಿಗನ ಮನಸ್ಸಿಗೆ ಪಂಚವಟಿಯೂ ಗೋದಾವರಿಯೂ ಬರುವುದು ಸಹಜ. ೨೦೨೩ರಲ್ಲಿ ಛತ್ರಪತಿ ಸಂಭಾಜಿನಗರವೆಂಬ ಹೆಸರನ್ನು ಪಡೆದ ಔರಂಗಾಬಾದಿನ ಮಾತು ಬಂದರೆ, ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದ ಎಲ್ಲೋರದ ಕೈಲಾಸವು ನೆನಪಾಗುತ್ತದೆ. ಈ ಎರಡು ಊರುಗಳನ್ನೂ ಸುತ್ತಣ ಹಳ್ಳಿಗಳಿಗೆ ಕೂಡಿಸುವ ವಾಹನವೆಂದರೆ ಎಸ್.ಟಿ. ಎಂಬ ಎರಡಕ್ಷರದಿಂದ ಮಹಾರಾಷ್ಟ್ರದಾದ್ಯಂತ ಪರಿಚಿತವಾದ ಕೆಂಪು ಬಸ್ಸು. ನಾಸಿಕವು ಮಹಾರಾಷ್ಟ್ರ ರಾಜ್ಯ ರಸ್ತೆ ಸಾರಿಗೆ ನಿಗಮದ ಒಂದು ವಿಭಾಗದ ಕೇಂದ್ರ. ಸಂಭಾಜಿನಗರವೂ ಅಂಥದೇ ಕೇಂದ್ರವಾಗಿರುವುದಲ್ಲದೆ, ಅಲ್ಲಿಯ ಚಿಕಲಠಾಣಾದಲ್ಲಿ ನಿಗಮದ ಮೂರು ಮಧ್ಯವರ್ತಿ ಕಾರ್ಯಾಗಾರಗಳಲ್ಲಿ ಒಂದಿದೆ. ಬಸ್ಸನ್ನು ನಡೆಸುವ ಚಾಲಕ ಮತ್ತು ನಿರ್ವಾಹಕ, ಅದನ್ನು ಕಟ್ಟಿ ರಿಪೇರಿ ಮಾಡುವ ಕೆಲಸಗಾರ, ಈ ಎಲ್ಲರ ವೇತನದ ವಿಷಯವಾಗಿ ೨೦೧೬ರಿಂದೀಚೆಗೆ ನಡೆದ ವ್ಯವಹಾರವು ಒಂದು ವಿಚಿತ್ರವಾದ ದಾಖಲೆಯಾಗಿದೆ. ಅದನ್ನು ಓದಿ ತೂಗಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಸಂಬಳದ ಚರ್ಚೆಯಲ್ಲಿ ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆ ‘ಎಷ್ಟು?’ ಎಂಬುದೊಂದೇ. ಶೇಕಡ ಇಷ್ಟು ಕೇಳಿದರು, ಶೇಕಡ ಇಷ್ಟು ಕೊಟ್ಟರು ಎಂದು ಪತ್ರಿಕೆಗಳು ಬರೆಯುತ್ತವೆ, ಮಂತ್ರಿಗಳು ಹೇಳುತ್ತಾರೆ, ಸಂಘಗಳೂ ಅದನ್ನೇ ಹಿಡಿದು ವಾದಿಸುತ್ತವೆ. ಆದರೆ ಸಂಬಳಕ್ಕೆ ಮೊತ್ತವೆಂಬ ಅಂಗವು ಹೇಗೋ ಹಾಗೆ ತಾರೀಖೆಂಬ ಅಂಗವೂ ಉಂಟು. ಕನ್ನಡದ ‘ಸಂಬಳ’ ಶಬ್ದವೇ ಇದಕ್ಕೆ ಸಾಕ್ಷಿಯಾಗಬಲ್ಲದು. ಸಂಸ್ಕೃತದಲ್ಲಿ ‘ಶಂಬಲ’ವೆಂದರೆ ದಾರಿಯ ಬುತ್ತಿ. ಬುತ್ತಿಯ ಗುಣವು ಅದರ ರುಚಿಯಲ್ಲಿ ಮಾತ್ರವಲ್ಲ, ಹಸಿವಾದಾಗ ಕೈಯಲ್ಲಿರುವುದರಲ್ಲಿಯೂ ಇದೆ; ಊರು ಮುಟ್ಟಿದ ಮೇಲೆ ಬಂದ ಬುತ್ತಿಯನ್ನು ಎಷ್ಟು ದೊಡ್ಡದೆಂದು ಹೊಗಳಿದರೂ ನಡೆದವನು ಹಸಿದೇ ನಡೆದನೆಂಬುದು ಸುಳ್ಳಾಗದು. ಎಸ್.ಟಿ. ನೌಕರರ ಅಸಮಾಧಾನದ ಮೂಲವು ಶೇಕಡಾವಾರಿನಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಈ ತಾರೀಖಿನಲ್ಲಿದೆ. ಈ ಮಾತನ್ನು ಮೊದಲು ದಾಖಲೆಯಿಂದಲೂ ಅನಂತರ ವಿಚಾರದಿಂದಲೂ ಪರಿಶೀಲಿಸಬಹುದು.

೨

ಹೊರನಾಡ ಕನ್ನಡಿಗರಿಗೆ ಈ ವಿಷಯವು ಪರಕೀಯವಲ್ಲ. ನಾಸಿಕ ಮತ್ತು ಸಂಭಾಜಿನಗರದ ಸಾರಿಗೆಯ ಇತಿಹಾಸವು ಕರ್ನಾಟಕದ ಉತ್ತರಭಾಗದ ಇತಿಹಾಸದೊಡನೆ ಹೆಣೆದುಕೊಂಡಿದೆ. ನಿಜಾಮನ ಸಂಸ್ಥಾನದಲ್ಲಿ ೧೯೩೨ರಷ್ಟು ಹಿಂದೆಯೇ ರೈಲ್ವೆಯ ಅಂಗವಾಗಿ ೨೭ ಬಸ್ಸುಗಳ ಒಂದು ಸಾರಿಗೆ ಇಲಾಖೆ ಹುಟ್ಟಿತು. ಔರಂಗಾಬಾದು, ಬೀದರ, ಕಲಬುರ್ಗಿ, ರಾಯಚೂರು ಎಲ್ಲವೂ ಆ ಸಂಸ್ಥಾನದವೇ. ಮುಂಬಯಿ ಪ್ರಾಂತದಲ್ಲಿ ಸರಕಾರಿ ಬಸ್ಸು ಮೊದಲು ಓಡಿದ್ದು ೧೯೪೮ರ ಜೂನ್ ೧ರಂದು, ಪುಣೆ-ಅಹಮದನಗರಗಳ ನಡುವೆ. ನಾಸಿಕವೂ ಬೆಳಗಾವಿ, ಧಾರವಾಡ, ವಿಜಾಪುರಗಳೂ ಆಗ ಆ ಪ್ರಾಂತದಲ್ಲಿದ್ದವು. ೧೯೫೬ರ ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಮರಾಠವಾಡೆಯು ಮುಂಬಯಿ ರಾಜ್ಯಕ್ಕೂ, ಮುಂಬಯಿ ಮತ್ತು ಹೈದರಾಬಾದಿನ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೂ ಬಂದವು. ೧೯೬೧ರ ಆಗಸ್ಟ್ ೧ರಂದು ಮೈಸೂರಿನಲ್ಲಿ ಪ್ರತ್ಯೇಕ ಸಾರಿಗೆ ನಿಗಮವು ಸ್ಥಾಪಿತವಾಯಿತು. ಹುಬ್ಬಳ್ಳಿ ಮತ್ತು ಕಲಬುರ್ಗಿಗಳನ್ನು ಕೇಂದ್ರವಾಗುಳ್ಳ ಇಂದಿನ ಎರಡು ನಿಗಮಗಳು ಆ ಹಳೆಯ ಎರಡು ಪ್ರಾಂತಗಳ ಗುರುತನ್ನು ಇನ್ನೂ ಉಳಿಸಿಕೊಂಡಿವೆ ಎನ್ನಬಹುದು.

ಎರಡು ರಾಜ್ಯಗಳ ನಿಗಮಗಳೂ ಒಂದೇ ಕಾಯಿದೆಯ ಮಕ್ಕಳು. ೧೯೫೦ರ ರಸ್ತೆ ಸಾರಿಗೆ ನಿಗಮಗಳ ಕಾಯಿದೆಯು ನಿಗಮವು ವ್ಯಾಪಾರದ ತತ್ತ್ವಗಳಿಗೆ ಅನುಸಾರವಾಗಿ ನಡೆಯತಕ್ಕದ್ದೆಂದು ತನ್ನ ೨೨ನೆಯ ಕಲಮಿನಲ್ಲಿ ವಿಧಿಸುತ್ತದೆ. ಅದೇ ಕಾಯಿದೆಯ ೩೪ನೆಯ ಕಲಮು ನಿಗಮಕ್ಕೆ ನಿರ್ದೇಶನ ಕೊಡುವ ಅಧಿಕಾರವನ್ನು ರಾಜ್ಯ ಸರಕಾರಕ್ಕೆ ಒಪ್ಪಿಸುತ್ತದೆ. ನೌಕರನ ವೇತನದ ಪ್ರಶ್ನೆ ಬಂದಾಗಲೆಲ್ಲ ಈ ಎರಡು ಕಲಮುಗಳ ನಡುವಣ ಬಿರುಕು ಬಾಯಿ ತೆರೆಯುತ್ತದೆ. ಎರಡು ರಾಜ್ಯಗಳಲ್ಲಿಯೂ ವೇತನ ಪರಿಷ್ಕರಣೆಗೆ ನಾಲ್ಕು ವರ್ಷಗಳ ಅವಧಿಯೆಂಬ ಪದ್ಧತಿ ಇದೆ: ಮಹಾರಾಷ್ಟ್ರದಲ್ಲಿ ೨೦೧೬ರ ಏಪ್ರಿಲಿನಿಂದ ಒಂದು ಅವಧಿ, ೨೦೨೦ರ ಏಪ್ರಿಲಿನಿಂದ ಇನ್ನೊಂದು, ಕರ್ನಾಟಕದಲ್ಲಿ ೨೦೧೬, ೨೦೨೦, ೨೦೨೪ರ ಜನವರಿಗಳು. ಅವಧಿ ಮುಗಿದ ಮರುದಿನವೇ ಹೊಸ ದರವು ಸಲ್ಲಬೇಕೆಂಬುದು ಪದ್ಧತಿಯ ಆಶಯ. ನಡೆದದ್ದೇನು?

೩

ಮಹಾರಾಷ್ಟ್ರದಲ್ಲಿ ೨೦೧೬ರ ಏಪ್ರಿಲಿಗೆ ಸಲ್ಲಬೇಕಾದ ಪರಿಷ್ಕರಣೆಯು ೨೦೧೭ರ ದೀಪಾವಳಿಯವರೆಗೂ ಇತ್ಯರ್ಥವಾಗಲಿಲ್ಲ. ಆ ಅಕ್ಟೋಬರಿನಲ್ಲಿ ನೌಕರರು ನಾಲ್ಕು ದಿನ ಮುಷ್ಕರ ಹೂಡಿದರು. ಮುಂಬಯಿ ಉಚ್ಚ ನ್ಯಾಯಾಲಯವು ಅದನ್ನು ಕಾನೂನುಬಾಹಿರವೆಂದಿತು. ೨೦೧೮ರ ಜೂನ್ ತಿಂಗಳ ಮೊದಲಲ್ಲಿ ಸರಕಾರವು ೪,೮೪೯ ಕೋಟಿ ರೂಪಾಯಿಗಳ ವೇತನವೃದ್ಧಿಯನ್ನು ಘೋಷಿಸಿತು. ವಾರದೊಳಗೆ, ಘೋಷಣೆಯು ಏಕಪಕ್ಷೀಯವಾದುದೆಂದು, ಮತ್ತೆ ಕೆಲಸ ನಿಂತಿತು. ನಾಲ್ಕು ವರ್ಷಗಳ ಅವಧಿಯಲ್ಲಿ ಆಗಲೇ ಅರ್ಧ ಕಳೆದುಹೋಗಿತ್ತು.

೨೦೨೦ರ ಏಪ್ರಿಲಿನ ಅವಧಿಯು ಆರಂಭವಾಗುವ ವೇಳೆಗೆ ಕೊರೋನ ವ್ಯಾಧಿಯಿಂದ ಬಸ್ಸುಗಳೇ ನಿಂತಿದ್ದವು. ಪರಿಷ್ಕರಣೆ ಹಾಗಿರಲಿ, ತಿಂಗಳ ಸಂಬಳವೇ ತಡವಾಗತೊಡಗಿತು. ೨೦೨೧ರ ಅಕ್ಟೋಬರಿನ ಕೊನೆಯ ವಾರದಲ್ಲಿ ಪ್ರಯಾಣದರವು ಶೇಕಡ ೧೭.೧೭ರಷ್ಟು ಏರಿತು, ಅದೇ ವಾರದಲ್ಲಿ ನೌಕರರ ಉಪವಾಸ ಆರಂಭವಾಗಿ, ನವೆಂಬರ್ ತಿಂಗಳ ಎರಡನೆಯ ವಾರಕ್ಕೆ ರಾಜ್ಯದ ಸುಮಾರು ೨೫೦ ಡಿಪೋಗಳೂ ಸ್ತಬ್ಧವಾದವು. ನವೆಂಬರ್ ೨೪ರಂದು ಸಾರಿಗೆ ಮಂತ್ರಿ ಅನಿಲ ಪರಬರು ಶೇಕಡ ೪೧ರವರೆಗಿನ ಹೆಚ್ಚಳವನ್ನು ಸಾರಿದರು. ಹತ್ತು ವರ್ಷದವರೆಗಿನ ಸೇವೆಯವರಿಗೆ ಮೂಲವೇತನದಲ್ಲಿ ೫,೦೦೦ ರೂಪಾಯಿ, ಹತ್ತರಿಂದ ಇಪ್ಪತ್ತು ವರ್ಷದವರಿಗೆ ೪,೦೦೦, ಇಪ್ಪತ್ತಕ್ಕೆ ಮೇಲ್ಪಟ್ಟವರಿಗೆ ೨,೫೦೦ ಎಂದು ಅದರ ವಿವರ. ಶೇಕಡ ೪೧ ಎಂಬುದು ಹೊಸದಾಗಿ ಸೇರಿದವನ ಅಂಕಿ. ಹಳಬನ ಅಂಕಿಯು ತಲೆಬರಹಕ್ಕೆ ಬರಲಿಲ್ಲ. ತಳದವನನ್ನು ಮೊದಲು ಎತ್ತಬೇಕೆಂಬ ನ್ಯಾಯವು ಇದರಲ್ಲಿದೆ, ನಿಜ. ಆದರೆ ಇಪ್ಪತ್ತು ವರ್ಷ ನಾಸಿಕದ ಘಾಟಿನಲ್ಲಿ ಬಸ್ಸು ಓಡಿಸಿದವನಿಗೂ, ಚಿಕಲಠಾಣಾದ ಕಾರ್ಯಾಗಾರದಲ್ಲಿ ತಗಡು ಬಡಿದವನಿಗೂ, ಸೇವೆ ಹೆಚ್ಚಿದಷ್ಟೂ ಹೆಚ್ಚಳ ಕುಗ್ಗುವುದೆಂಬ ಪಾಠವನ್ನೂ ಅದು ಕಲಿಸಿತು.

ಮುಷ್ಕರವು ಅಲ್ಲಿಗೆ ನಿಲ್ಲದೆ ೨೦೨೨ರ ಏಪ್ರಿಲಿನವರೆಗೆ ನಡೆಯಿತು. ಅಮಾನತು, ವಜಾ, ವೇತನವಿಲ್ಲದ ತಿಂಗಳುಗಳು, ನೌಕರರ ಆತ್ಮಹತ್ಯೆಯ ವಾರ್ತೆಗಳು ಇವೆಲ್ಲ ಆ ಚಳಿಗಾಲದ ಪತ್ರಿಕೆಗಳನ್ನು ತುಂಬಿದ್ದವು. ಕೊನೆಗೆ ಏಪ್ರಿಲ್ ೨೨ರೊಳಗಾಗಿ ಕೆಲಸಕ್ಕೆ ಮರಳಬೇಕೆಂದು ಉಚ್ಚ ನ್ಯಾಯಾಲಯವು ಗೊತ್ತುಮಾಡಿತು.

ಇಷ್ಟಾದ ಮೇಲೂ ೨೦೨೦ರ ಏಪ್ರಿಲಿನ ಲೆಕ್ಕ ಮುಗಿದಿರಲಿಲ್ಲ. ೨೦೨೪ರ ಸೆಪ್ಟೆಂಬರ್ ೩ರಂದು, ಗಣೇಶ ಚತುರ್ಥಿಗೆ ನಾಲ್ಕು ದಿನ ಮುಂಚೆ, ಬಸ್ಸುಗಳು ಮತ್ತೆ ನಿಂತವು. ಮರುದಿನ ಮುಖ್ಯಮಂತ್ರಿಗಳೊಡನೆ ನಡೆದ ಸಭೆಯಲ್ಲಿ, ೨೦೨೦ರ ಏಪ್ರಿಲಿನಿಂದ ಎಲ್ಲರಿಗೂ ಸಮನಾಗಿ ೬,೫೦೦ ರೂಪಾಯಿಗಳ ಹೆಚ್ಚಳವೆಂದು ತೀರ್ಮಾನವಾಯಿತು. ಅಂದರೆ ಹಿಂದೆ ೫,೦೦೦ ಪಡೆದವನಿಗೆ ಇನ್ನು ೧,೫೦೦. ೪,೦೦೦ ಪಡೆದವನಿಗೆ ೨,೫೦೦. ೨,೫೦೦ ಪಡೆದವನಿಗೆ ೪,೦೦೦. ಈ ಸರಳವಾದ ಕೂಡುವ ಲೆಕ್ಕದಲ್ಲಿ ಒಂದು ತಪ್ಪೊಪ್ಪಿಗೆ ಅಡಗಿದೆ. ಎಲ್ಲರಿಗೂ ೬,೫೦೦ ಸಲ್ಲಬೇಕಾಗಿದ್ದಿತೆಂದು ೨೦೨೪ರಲ್ಲಿ ಒಪ್ಪಿಕೊಂಡ ಮೇಲೆ, ಹೆಚ್ಚು ವರ್ಷ ದುಡಿದವನೇ ಹೆಚ್ಚು ಕಾಲ ಕಾದನೆಂದು ಸಿದ್ಧವಾಯಿತು. ಅವನ ಪಾಲಿನ ಹೆಚ್ಚಳದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವು ೫೩ ತಿಂಗಳುಗಳ ಅನಂತರ ಮಂಜೂರಾಯಿತು. ಮೇಲಾಗಿ, ೨೦೨೦ರಲ್ಲಿ ಹುಟ್ಟಬೇಕಾದ ನಾಲ್ಕು ವರ್ಷದ ಒಪ್ಪಂದವು ೨೦೨೪ರ ಮಾರ್ಚಿನಲ್ಲಿ ತನ್ನ ಆಯುಸ್ಸು ಮುಗಿದ ಐದು ತಿಂಗಳ ಮೇಲೆ ಹುಟ್ಟಿತು. ಅದರ ಹಿಂಬಾಕಿಯನ್ನು ತಿಂಗಳ ಸಂಬಳದೊಡನೆ ಕಂತುಕಂತಾಗಿ ಕೊಡುವ ಮಾತು ಬಂದದ್ದು ೨೦೨೫ರ ಅಕ್ಟೋಬರಿನಲ್ಲಿ.

ಕರ್ನಾಟಕದ ದಾಖಲೆಯೂ ಇದಕ್ಕೆ ಹೆಚ್ಚು ಭಿನ್ನವಾಗಿಲ್ಲ. ೨೦೧೬ರ ಜನವರಿಯ ಪರಿಷ್ಕರಣೆಗಾಗಿ ಆ ಜುಲೈಯಲ್ಲಿ ಮೂರು ದಿನ ಬಸ್ಸು ನಿಂತವು; ಶೇಕಡ ೩೫ ಕೇಳಿದವರಿಗೆ ೧೨.೫ ದೊರೆಯಿತು. ೨೦೨೦ರ ಜನವರಿಯ ಪರಿಷ್ಕರಣೆಯು ೨೦೨೦ರ ಡಿಸೆಂಬರಿನ ಮುಷ್ಕರವನ್ನೂ ೨೦೨೧ರ ಏಪ್ರಿಲಿನ ಎರಡು ವಾರಗಳ ಮುಷ್ಕರವನ್ನೂ ದಾಟಿ, ೨೦೨೩ರ ಮಾರ್ಚ್ ೧ರಿಂದ ಶೇಕಡ ೧೫ ಎಂಬ ರೂಪದಲ್ಲಿ ಬಂದಿತು. ನಡುವಣ ೩೮ ತಿಂಗಳ ಹಿಂಬಾಕಿಯ ಪ್ರಶ್ನೆಯು ೨೦೨೫ರ ಆಗಸ್ಟ್ ೫ರ ಮುಷ್ಕರಕ್ಕೆ ಕಾರಣವಾಯಿತು. ಅದರ ಮುನ್ನಾದಿನ ಸರಕಾರವು ಕೊಡಲು ಮುಂದಾದದ್ದು ೧೪ ತಿಂಗಳ ಬಾಕಿಯನ್ನು ಮಾತ್ರ. ಆ ಹೊತ್ತಿಗೆ ೨೦೨೪ರ ಜನವರಿಯ ಸರದಿಯೂ ಬಂದು ಹಿಂದೆ ನಿಂತಿತ್ತು.

ಒಟ್ಟಿನ ಮೇಲೆ, ನಾಲ್ಕು ವರ್ಷಗಳ ಮೂರು ಅವಧಿಗಳಲ್ಲಿ ಒಂದರಲ್ಲಿ ಅರ್ಧ ಕಾಲ, ಇನ್ನೊಂದರಲ್ಲಿ ೪೮ ತಿಂಗಳಲ್ಲಿ ೩೮, ಮತ್ತೊಂದರಲ್ಲಿ ಇಡಿಯ ಅವಧಿಯೇ ಕಾಯುವುದರಲ್ಲಿ ಸಂದುಹೋಯಿತು. ಇದು ಬಸ್ಸಿನ ನೌಕರರಿಗೆ ಮಾತ್ರ ಸೀಮಿತವಾದ ರೋಗವೂ ಅಲ್ಲ. ೨೦೧೯ರ ಅಕ್ಟೋಬರಿನಲ್ಲಿ ನಾಸಿಕದ ಓಝರದಲ್ಲಿಯೂ ಬೆಂಗಳೂರಿನಲ್ಲಿಯೂ ಹಿಂದೂಸ್ತಾನ ಏರೋನಾಟಿಕ್ಸ್ ಕಾರ್ಖಾನೆಯ ಕೆಲಸಗಾರರು ಒಂದೇ ದಿನ ಕೆಲಸ ನಿಲ್ಲಿಸಿದ್ದು, ೨೦೧೭ರ ಜನವರಿಯಿಂದ ಸಲ್ಲಬೇಕಾದ ಪರಿಷ್ಕರಣೆಗಾಗಿಯೇ.

೪

ಈ ದೂರಿಗೆ ಪ್ರತಿಯಾಗಿ ಮೂರು ಸಮಾಧಾನಗಳನ್ನು ಹೇಳುವುದುಂಟು. ಮೂರೂ ವಿಚಾರಾರ್ಹವಾದವು.

ಮೊದಲನೆಯದು ತುಟ್ಟಿಭತ್ಯೆಯದು. ಬೆಲೆಯೇರಿಕೆಗೆ ತುಟ್ಟಿಭತ್ಯೆಯು ಇದ್ದೇ ಇದೆ. ಮೂಲವೇತನದ ಪರಿಷ್ಕರಣೆ ತಡವಾದರೂ ನೌಕರನು ಬೆಲೆಗಳಿಗೆ ಬಲಿಯಾಗುವುದಿಲ್ಲ ಎಂಬುದು ವಾದ. ಆದರೆ ತುಟ್ಟಿಭತ್ಯೆಯೂ ಕಾಲಕ್ಕೆ ಸರಿಯಾಗಿ ಬರುವುದಿಲ್ಲ. ಕೇಂದ್ರ ಸರಕಾರವೇ ೨೦೨೦ರ ಜನವರಿಯಿಂದ ಮೂರು ಕಂತುಗಳನ್ನು ತಡೆಹಿಡಿದು, ೨೦೨೧ರ ಜುಲೈಯಲ್ಲಿ ದರವನ್ನು ಏರಿಸಿದಾಗ ನಡುವಣ ೧೮ ತಿಂಗಳ ಬಾಕಿಯನ್ನು ಕೊಡಲಿಲ್ಲ. ಎಸ್.ಟಿ. ನೌಕರನ ತುಟ್ಟಿಭತ್ಯೆಯನ್ನು ರಾಜ್ಯ ನೌಕರರ ಸಮಕ್ಕೆ ತರಬೇಕೆಂಬುದೇ ೨೦೨೧ರ ಬೇಡಿಕೆಗಳಲ್ಲಿ ಒಂದಾಗಿತ್ತು. ಇನ್ನು ಕೇಂದ್ರದ ಭತ್ಯೆಗೆ ಆಧಾರವಾದ ಸೂಚ್ಯಂಕವು ದೇಶದ ಸರಾಸರಿ: ೨೦೦೧ನ್ನು ಮೂಲವರ್ಷವಾಗಿಟ್ಟುಕೊಂಡ ಸರಣಿಯ ೭೮ ಕೇಂದ್ರಗಳಲ್ಲಿ ನಾಸಿಕವಿದ್ದಿತು, ಔರಂಗಾಬಾದು ಇರಲಿಲ್ಲ. ಇವೆಲ್ಲಕ್ಕೂ ಮಿಗಿಲಾದ ಕೊರತೆ ಮತ್ತೊಂದುಂಟು. ತುಟ್ಟಿಭತ್ಯೆಯು ಕೈಗೆ ಬಂದ ವೇತನವನ್ನು ಕಾಯುತ್ತದೆಯೇ ಹೊರತು, ಬರಬೇಕಾಗಿ ನಿಂತ ವೇತನವನ್ನು ಕಾಯುವುದಿಲ್ಲ. ಹಿಂಬಾಕಿಗೆ ತುಟ್ಟಿಭತ್ಯೆಯಿಲ್ಲ, ಬಡ್ಡಿಯೂ ಇಲ್ಲ. ಬೆಲೆಯೇರಿಕೆಯನ್ನು ಶೇಕಡ ೪ಕ್ಕೆ ಹಿಡಿದು ನಿಲ್ಲಿಸುವುದು ಭಾರತೀಯ ರಿಜರ್ವ್ ಬ್ಯಾಂಕಿಗೆ ಗೊತ್ತುಮಾಡಿದ ಗುರಿ. ಆ ಗುರಿಯು ಸಂಪೂರ್ಣವಾಗಿ ಈಡೇರಿತೆಂದೇ ಇಟ್ಟುಕೊಂಡರೂ, ಇಂದು ಸಲ್ಲಬೇಕಾದ ನೂರು ರೂಪಾಯಿ ಐದು ವರ್ಷ ತಡವಾಗಿ ಕೈಸೇರಿದರೆ ಅದರ ಕೊಳ್ಳುವ ಶಕ್ತಿ ಸುಮಾರು ೮೨ ರೂಪಾಯಿಗಳಷ್ಟೇ. ಉಳಿದ ೧೮ ರೂಪಾಯಿಗಳನ್ನು ಯಾರೂ ಕಡಿತಮಾಡಲಿಲ್ಲ. ಯಾವ ಆದೇಶದಲ್ಲಿಯೂ ಅದರ ಉಲ್ಲೇಖವಿಲ್ಲ. ಕಾಲವು ಅದನ್ನು ಕಡಿತಮಾಡಿತು, ಸರಕಾರಕ್ಕೆ ಅದು ಉಳಿತಾಯವಾಯಿತು. ವಿಳಂಬವೆಂಬುದು ಆದೇಶವಿಲ್ಲದ ವೇತನಕಡಿತ ಎನ್ನುವುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ.

ಎರಡನೆಯದು ನಷ್ಟದ ವಾದ. ನಷ್ಟದಲ್ಲಿರುವ ನಿಗಮವು ಎಲ್ಲಿಂದ ಕೊಡಬೇಕು? ಇದಕ್ಕೆ ಉತ್ತರ ಹೇಳುವ ಮುನ್ನ, ನಷ್ಟವು ಹೇಗೆ ಹುಟ್ಟುತ್ತದೆಂದು ಕೇಳಬೇಕು. ಬಸ್ಸಿನ ದರವನ್ನು ನಿಗಮವು ತನ್ನಿಚ್ಛೆಯಂತೆ ಗೊತ್ತುಮಾಡುವಂತಿಲ್ಲ. ಮಹಾರಾಷ್ಟ್ರದಲ್ಲಿ ೨೦೨೧ರ ಏರಿಕೆಯಾದ ಮೇಲೆ ಮುಂದಿನ ಏರಿಕೆಗೆ ೨೦೨೫ರ ಜನವರಿ ಬರಬೇಕಾಯಿತು. ನಡುವೆ ೨೦೨೨ರ ಆಗಸ್ಟಿನಲ್ಲಿ ೭೫ ವರ್ಷ ಮೀರಿದವರಿಗೆ ಉಚಿತ ಪ್ರಯಾಣವನ್ನೂ, ೨೦೨೩ರ ಮಾರ್ಚಿನಲ್ಲಿ ಮಹಿಳೆಯರಿಗೆ ಅರ್ಧದರವನ್ನೂ ಸರಕಾರವು ಕೊಟ್ಟಿತು. ಕರ್ನಾಟಕದಲ್ಲಿ ೨೦೨೩ರ ಜೂನ್ ೧೧ರಿಂದ ಮಹಿಳೆಯರಿಗೆ ಉಚಿತ ಪ್ರಯಾಣದ ‘ಶಕ್ತಿ’ ಯೋಜನೆ ಬಂದಿತು. ಇವು ಒಳ್ಳೆಯ ಯೋಜನೆಗಳು. ಇವುಗಳ ಹಣವನ್ನು ಸರಕಾರವು ತುಂಬಿಕೊಡತಕ್ಕದ್ದೆಂಬುದೂ ಒಪ್ಪಿತವಾದುದೇ. ಆದರೆ ದರವನ್ನು ಗೊತ್ತುಮಾಡುವಾಗ ನಿಗಮವು ಸರಕಾರದ ಕೈ, ರಿಯಾಯಿತಿ ಕೊಡುವಾಗಲೂ ಸರಕಾರದ ಕೈ, ಸಂಬಳ ಕೇಳಿದಾಗ ಮಾತ್ರ ಸ್ವತಂತ್ರವಾದ ವ್ಯಾಪಾರ ಸಂಸ್ಥೆ ಎಂಬ ಈ ನಿಲುವು ತರ್ಕಕ್ಕೆ ನಿಲ್ಲುವುದಿಲ್ಲ. ಕಾಯಿದೆಯ ೩೪ನೆಯ ಕಲಮನ್ನು ಬಳಸುವವರು ಅದರ ಬೆಲೆಯನ್ನು ೨೨ನೆಯ ಕಲಮಿನ ಹೆಸರಿನಲ್ಲಿ ನೌಕರನ ತಲೆಗೆ ಕಟ್ಟಲಾಗದು.

ಮೂರನೆಯದು ಪ್ರಯಾಣಿಕನ ವಾದ. ಎಸ್.ಟಿ.ಯನ್ನು ಏರುವವರು ಬಡವರು; ನಾಲ್ಕಾರು ಹಳ್ಳಿಗಳ ಮಕ್ಕಳು ಅದೇ ಬಸ್ಸಿನಲ್ಲಿ ಶಾಲೆಗೆ ಬರುತ್ತಾರೆ, ಈರುಳ್ಳಿ ಬೆಳೆದ ರೈತನು ಅದೇ ಬಸ್ಸಿನಲ್ಲಿ ಪೇಟೆಗೆ ಬರುತ್ತಾನೆ. ಬಸ್ಸು ಆರು ತಿಂಗಳು ನಿಂತರೆ ಇವರ ಗತಿಯೇನು? ಈ ವಾದದಲ್ಲಿ ಇತರ ಎರಡರಲ್ಲಿ ಇಲ್ಲದ ಸತ್ಯವುಂಟು, ಮತ್ತು ನೌಕರರ ಸಂಘಗಳು ಇದಕ್ಕೆ ಸಾಕಷ್ಟು ಕಿವಿಗೊಟ್ಟಿವೆಯೆಂದು ಹೇಳುವುದು ಕಷ್ಟ. ೨೦೧೭ರಲ್ಲಿ ದೀಪಾವಳಿ, ೨೦೨೪ರಲ್ಲಿ ಗಣೇಶ ಚತುರ್ಥಿ: ಮುಷ್ಕರವು ಜನರು ಊರಿಗೆ ಹೊರಡುವ ದಿನಗಳನ್ನೇ ಹುಡುಕಿತು. ಆದರೆ ಹಬ್ಬದ ದಿನ ಬಸ್ಸು ನಿಂತರೆ ಮಾತ್ರ ಮಾತುಕತೆ ನಡೆಯುವುದೆಂಬ ಅನುಭವವನ್ನು ನೌಕರನಿಗೆ ಕಲಿಸಿದವರು ಯಾರು? ಎರಡು ದಿನದ ಮುಷ್ಕರದಿಂದ ೨೦೨೪ರಲ್ಲಿ ಬಗೆಹರಿದ ಪ್ರಶ್ನೆಯು, ಮುಷ್ಕರವಿಲ್ಲದೆ ನಾಲ್ಕು ವರ್ಷಗಳಲ್ಲಿ ಬಗೆಹರಿಯದೆ ಹೋದುದಕ್ಕೆ ಕಾರಣವನ್ನು ಕಾಣುವುದು ದುಸ್ತರ. ನಿಗದಿಯಾದ ತಾರೀಖನ್ನು ಮೀರುವವರು ಪ್ರಯಾಣಿಕನ ಹೆಸರಿನಲ್ಲಿ ಮಾತನಾಡುವ ಹಕ್ಕನ್ನು ಅಷ್ಟುಮಟ್ಟಿಗೆ ಕಳೆದುಕೊಳ್ಳುತ್ತಾರೆ.

೫

೨೦೨೧ರ ಮುಷ್ಕರದ ನಡುವೆ ಬೇಡಿಕೆಯ ಸ್ವರೂಪವೇ ಬದಲಾದುದು ಗಮನಾರ್ಹವಾದ ಸಂಗತಿ. ಹೆಚ್ಚಳವೆಂಬ ಮಾತು ಹಿಂದೆ ಸರಿದು, ನಿಗಮವನ್ನು ಸರಕಾರದಲ್ಲಿ ವಿಲೀನಗೊಳಿಸಬೇಕೆಂಬ ಮಾತು ಮುಂದೆ ಬಂದಿತು. ಕರ್ನಾಟಕದಲ್ಲಿಯೂ ೨೦೨೦ರ ಡಿಸೆಂಬರಿನಲ್ಲಿ ಇದೇ ಕೂಗು ಎದ್ದಿತ್ತು. ಮೂವರು ಅಧಿಕಾರಿಗಳ ಸಮಿತಿಯು ವಿಲೀನವು ಸಾಧ್ಯವಿಲ್ಲವೆಂದು ವರದಿಮಾಡಿ, ೨೦೨೨ರ ಮಾರ್ಚಿನಲ್ಲಿ ಆ ವರದಿಯು ವಿಧಾನಸಭೆಯ ಮುಂದೆ ಬಂದಿತು. ವಿಲೀನದ ಬೇಡಿಕೆಯನ್ನು ಕೇವಲ ಅತಿಯಾಸೆಯೆಂದು ತಳ್ಳಿಹಾಕುವುದು ಸುಲಭ. ಅದರ ಹಿಂದಿನ ಮನಸ್ಸು ಬೇರೆ. ಪ್ರತಿಸಲವೂ ಕೈಯೊಡ್ಡಿ ಬೇಡುವ ಸ್ಥಿತಿಯಿಂದ, ತಾರೀಖು ತಾನಾಗಿಯೇ ಬರುವ ಸ್ಥಿತಿಗೆ ಹೋಗಬೇಕೆಂಬುದು ಆ ಮನಸ್ಸಿನ ಹಂಬಲ.

ಆದರೆ ರಾಜ್ಯ ನೌಕರನಿಗೂ ತಾರೀಖು ತಾನಾಗಿ ಬರುವುದಿಲ್ಲ. ಮಹಾರಾಷ್ಟ್ರದಲ್ಲಿ ಏಳನೆಯ ವೇತನ ಆಯೋಗದ ದರವು ೨೦೧೬ರ ಜನವರಿಯಿಂದ ಅನ್ವಯವೆಂದರೂ ಸಂಬಳದಲ್ಲಿ ಕಂಡದ್ದು ೨೦೧೯ರಲ್ಲಿ. ನಡುವಣ ಬಾಕಿಯನ್ನು ಐದು ವಾರ್ಷಿಕ ಕಂತುಗಳೆಂದು ಹಂಚಲಾಯಿತು. ವಿಲೀನವಾಗಿದ್ದರೆ ಎಸ್.ಟಿ. ನೌಕರನು ಒಂದು ಸರದಿಯಿಂದ ಇನ್ನೊಂದು ಸರದಿಗೆ ಹೋಗಿ ನಿಲ್ಲುತ್ತಿದ್ದನೇ ಹೊರತು, ಕಾಯುವುದು ತಪ್ಪುತ್ತಿರಲಿಲ್ಲ. ಆದುದರಿಂದ ಪರಿಹಾರವನ್ನು ಹುಡುಕಬೇಕಾದದ್ದು ನೌಕರನು ಯಾರ ಆಳು ಎಂಬ ಪ್ರಶ್ನೆಯಲ್ಲಲ್ಲ. ಒಪ್ಪಿದ ದಿನವನ್ನು ಮೀರಿದರೆ ಅದರ ಬೆಲೆಯನ್ನು ಯಾರು ತೆರಬೇಕೆಂಬ ಪ್ರಶ್ನೆಯಲ್ಲಿ.

ಈ ವಿಷಯದಲ್ಲಿ ನಮ್ಮ ದೇಶದ ಹಳೆಯ ವಿಚಾರವು ಇಂದಿನದಕ್ಕಿಂತ ಸ್ಪಷ್ಟವಾಗಿದೆ. ಭೃತ್ಯರ ವಿಷಯವನ್ನು ಹೇಳುವಾಗ ಶುಕ್ರನೀತಿಯು, ವೇತನವನ್ನು ಲೋಪಮಾಡಬಾರದೆಂಬುದನ್ನೂ ವಿಳಂಬಮಾಡಬಾರದೆಂಬುದನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಎರಡನ್ನೂ ಸಮಾನ ದೋಷಗಳಾಗಿ ಎಣಿಸುತ್ತದೆ. ಆಧುನಿಕ ಕಾನೂನಿಗೂ ಈ ತತ್ತ್ವ ಅಪರಿಚಿತವಲ್ಲ. ೧೯೩೬ರ ವೇತನ ಪಾವತಿ ಕಾಯಿದೆಯು ತಿಂಗಳ ಸಂಬಳಕ್ಕೆ ಏಳು ಅಥವಾ ಹತ್ತು ದಿನಗಳ ಗಡುವನ್ನು ಇಟ್ಟಿತ್ತು. ೨೦೨೫ರ ನವೆಂಬರಿನಲ್ಲಿ ಜಾರಿಗೆ ಬಂದ ವೇತನ ಸಂಹಿತೆಯು ಏಳು ದಿನಗಳೆನ್ನುತ್ತದೆ. ತೆರಿಗೆ ತಡವಾದರೆ ಪ್ರಜೆಯು ಬಡ್ಡಿ ಕೊಡಬೇಕು. ನಿವೃತ್ತನ ಉಪದಾನ ತಡವಾದರೆ ಅದಕ್ಕೂ ಬಡ್ಡಿಯುಂಟು. ಏಳು ದಿನದ ತಡವನ್ನು ಅಪರಾಧವೆಂದು ಬಗೆಯುವ ಕಾನೂನು, ೫೩ ತಿಂಗಳ ತಡವನ್ನು ಕುರಿತು ಮೌನವಾಗಿದೆ. ಮೊದಲನೆಯದು ವೇತನ, ಎರಡನೆಯದು ವೇತನದ ಪರಿಷ್ಕರಣೆ ಎಂಬ ಸೂಕ್ಷ್ಮಭೇದವು ವಕೀಲನಿಗೆ ಸಾಕಾದೀತು; ಅಂಗಡಿಯವನ ಸಾಲದ ಪುಸ್ತಕದಲ್ಲಿ ಹೆಸರಿರುವ ಮನೆಗೆ ಅದು ಅರ್ಥವಾಗುವಂಥದಲ್ಲ.

ಇಲ್ಲಿ ಬೇಕಾದದ್ದು ದೊಡ್ಡ ಸುಧಾರಣೆಯಲ್ಲ. ಅವಧಿ ಮುಗಿದ ಆರು ತಿಂಗಳೊಳಗೆ ಹೊಸ ಒಪ್ಪಂದವಾಗದಿದ್ದರೆ ಗೊತ್ತಾದ ಮಧ್ಯಂತರ ಪರಿಹಾರವು ತಾನಾಗಿಯೇ ಸಲ್ಲುವಂತಿರಬೇಕು. ಹಿಂಬಾಕಿಯು ಎಷ್ಟು ತಡವಾಗಿ ಬರುವುದೋ ಅಷ್ಟು ಕಾಲದ ಸೂಚ್ಯಂಕದ ಏರಿಕೆಯೊಡನೆ ಬರಬೇಕು. ರಿಯಾಯಿತಿಗಳ ಹಣವು ನಿಗಮಕ್ಕೆ ತಿಂಗಳು ತಿಂಗಳು ಸಲ್ಲಬೇಕು. ಸೇವಾವಧಿಯಲ್ಲಿಯೇ ಸಲ್ಲಬೇಕಾದುದನ್ನು ನಿವೃತ್ತನಾದವನು ಕಚೇರಿಗೆ ಅಲೆದು ಕೇಳುವಂತಾಗಬಾರದು. ಇವುಗಳಲ್ಲಿ ಎರಡನೆಯದು ಮುಖ್ಯವಾದುದು. ವಿಳಂಬದಿಂದ ಸರಕಾರಕ್ಕೆ ಲಾಭವಿಲ್ಲವೆಂದಾದ ದಿನ, ವಿಳಂಬಕ್ಕೆ ಕಾರಣಗಳು ತಾವಾಗಿಯೇ ಕಡಿಮೆಯಾಗುವುವು.

೨೦೨೦ರ ಒಪ್ಪಂದದ ಬಾಕಿ ಕಂತುಗಳಲ್ಲಿ ತೀರುತ್ತಿರುವಾಗಲೇ ೨೦೨೪ರ ಏಪ್ರಿಲಿನಿಂದ ಆರಂಭವಾಗಬೇಕಾದ ಅವಧಿಯೂ ಸವೆಯತೊಡಗಿದೆ. ಅದು ೨೦೨೮ರ ಮಾರ್ಚಿಗೆ ಮುಗಿಯುವುದು. ೨೦೨೭ರಲ್ಲಿ ನಾಸಿಕದಲ್ಲಿ ಸಿಂಹಸ್ಥ ಕುಂಭಮೇಳವಿದೆ. ಲಕ್ಷಾಂತರ ಯಾತ್ರಿಕರನ್ನು ಗೋದೆಯ ದಡಕ್ಕೆ ಮುಟ್ಟಿಸುವ ಹೊಣೆಯ ಬಹುಪಾಲು ಕೆಂಪು ಬಸ್ಸಿನ ಮೇಲೆಯೇ ಬೀಳುವುದು. ಆ ಬಸ್ಸನ್ನು ನಡೆಸುವವನ ಸಂಬಳದ ಮಾತನ್ನು ಅದಕ್ಕೆ ಮೊದಲೇ, ಹಬ್ಬವಿಲ್ಲದ ಒಂದು ಸಾಧಾರಣ ದಿನ, ಯಾವ ಡಿಪೋದ ಬಾಗಿಲೂ ಮುಚ್ಚದಿರುವಾಗ ಮುಗಿಸಿದರೆ, ಈ ಹತ್ತು ವರ್ಷಗಳ ದಾಖಲೆಯಿಂದ ಕಲಿಯಬೇಕಾದುದನ್ನು ಕಲಿತಂತಾಗುವುದು.